ಮೋಟರ್ ಕೆಟ್ಟರೆ ಹೆದರದ ನಾವು ಫೋನ್ ನಿಂತರೆ ಯಾಕೆ ಹೆದರಬೇಕು?



ನಮ್ಮ ಗೋವಿಂದನಹಳ್ಳಿ ಸುತ್ತಮುತ್ತ ಬೋರ್‌ವೆಲ್ ಮೋಟರ್ ನೀರು ಎತ್ತುತ್ತಿಲ್ಲ ಅಂದ್ರೆ ಯಾರೂ ಮೊದಲೇ ಮೆಕ್ಯಾನಿಕ್‌ಗೆ ಫೋನ್ ಮಾಡಲ್ಲ. ಸ್ಟಾರ್ಟರ್ ಪೆಟ್ಟಿಗೆ ಮುಂದೆ ನಿಂತು ಮೂರು ಫೇಸ್ ಕರೆಂಟ್ ಬಂದಿದೆಯಾ ನೋಡ್ತಾರೆ. ಪಕ್ಕದ ತೋಟದ ಮೋಟರ್ ಓಡ್ತಿದೆಯಾ ಅಂತ ಕಿವಿ ಕೊಡ್ತಾರೆ. ಫ್ಯೂಸ್ ನೋಡ್ತಾರೆ. ರಿಲೇ ಟ್ರಿಪ್ ಆಗಿದ್ರೆ ಸ್ವಲ್ಪ ತಣ್ಣಗಾಗಲು ಬಿಟ್ಟು ಮತ್ತೆ ಒತ್ತುತ್ತಾರೆ. ಮೋಟರ್ ಓಡ್ತಿದ್ದು ನೀರು ಮಾತ್ರ ಬರದಿದ್ದರೆ, ತೊಂದರೆ ಕರೆಂಟಿನದ್ದಲ್ಲ, ಪೈಪಿನದ್ದೋ ಬೋರಿನದ್ದೋ ಇರಬೇಕು ಅಂತ ಅಲ್ಲೇ ತೀರ್ಮಾನ. ಇಷ್ಟೆಲ್ಲ ಆದ ಮೇಲೆ ಮೆಕ್ಯಾನಿಕ್. ಆಗಲೂ ಬರೀ "ಮೋಟರ್ ಕೆಟ್ಟೋಗದೆ ಬಾರಪ್ಪ" ಅನ್ನಲ್ಲ. "ಮೂರು ಫೇಸೂ ಅದೆ, ರಿಲೇ ಮಾತ್ರ ಎರಡು ದಿನದಿಂದ ಬೀಳ್ತಾ ಅದೆ" ಅಂತ ಬಿಡಿಸಿ ಹೇಳ್ತಾರೆ.

ಅದೇ ಮನುಷ್ಯನ ಫೋನಿನಲ್ಲಿ ಒಂದು ಆ್ಯಪ್ ತೆರೆಯಲಿಲ್ಲ ಅಂತ ಇಟ್ಕೊಳ್ಳಿ. "ಇದೆಲ್ಲ ನಮಗೆ ಗೊತ್ತಾಗಕಿಲ್ಲ ಕಣ್ಲಾ, ಸೈಬರ್‌ಗೆ ಕೊಡು" ಅಂತಾರೆ. ಅಷ್ಟೇ, ಪರೀಕ್ಷೆ ಮುಗೀತು.

ನಾನು ತೋಟಗಾರಿಕೆ ಓದಿ, ಊರಿಗೆ ಬಂದು ಸಾವಯವ ತರಕಾರಿ ಮತ್ತು ತೆಂಗು ಮಾಡ್ತಿದ್ದೀನಿ. ಗಿಡದ ತೊಂದರೆ ಕೇಳಲು ಬರುವವರಷ್ಟೇ ಜನ ಈಗ ಫೋನಿನ ತೊಂದರೆ ಹಿಡಿದು ಬರ್ತಾರೆ. ಬರುವವರಲ್ಲಿ ಬುದ್ಧಿಗೆ ಕೊರತೆ ಇಲ್ಲ. ಹೊಲದಲ್ಲಿ ದಿನಾ ಬಳಸುವ ಬುದ್ಧಿಯನ್ನೇ ಫೋನಿಗೂ ಬಳಸಬಹುದು ಅನ್ನೋ ಧೈರ್ಯ ಮಾತ್ರ ಇಲ್ಲ. ಈ ವಾರ ಅದರ ಬಗ್ಗೆಯೇ ಮಾತಾಡೋಣ.

ಇದು ಬರೀ ಫೋನಿನ ವಿಷಯ ಅಲ್ಲ

ಕರ್ನಾಟಕದಲ್ಲಿ 2000ದ ಸುಮಾರಿಗೆ ಭೂಮಿ ಯೋಜನೆ ಬಂತು. ಶಾನುಭೋಗರ ಕಾಲದಿಂದ ಕೈಬರಹದಲ್ಲಿದ್ದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್‌ಗೆ ಹೋದವು. ಆಗ ಕಂಪ್ಯೂಟರ್ ಇದ್ದದ್ದು ತಾಲ್ಲೂಕು ಕಚೇರಿಯಲ್ಲಿ. ಕೆಟ್ಟರೂ ಸರಿಹೋದರೂ ಅದು ಅವರ ತಲೆನೋವು, ನಾವು ಕಿಟಕಿ ಮುಂದೆ ಕಾಯ್ತಿದ್ದೆವು ಅಷ್ಟೆ.

ಈಗ ಆ ಕಿಟಕಿ ನಮ್ಮ ಜೇಬಿಗೆ ಬಂದಿದೆ. ಫ್ರೂಟ್ಸ್ ತಂತ್ರಾಂಶದಲ್ಲಿ ನಮ್ಮ ಎಫ್‌ಐಡಿ ಇದೆ. 2019ರಲ್ಲಿ ಶುರುವಾದ ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ, ಮೂರು ಕಂತಲ್ಲಿ ಬರಬೇಕಾದರೆ ಇ-ಕೆವೈಸಿ ಆಗಿರಬೇಕು. 2020ರ ಮುಂಗಾರಿನಿಂದ ಬೆಳೆ ಸಮೀಕ್ಷೆಯನ್ನು ರೈತರೇ ಆ್ಯಪ್‌ನಲ್ಲಿ ಮಾಡಲು ಅವಕಾಶ ಬಂತು. ಆ ಸಮೀಕ್ಷೆಯ ಮಾಹಿತಿಯನ್ನೇ ಪಹಣಿಯ ಬೆಳೆ ಕಾಲಂಗೆ, ಬೆಳೆ ವಿಮೆಗೆ, ಬೆಳೆ ನಷ್ಟದ ಪರಿಹಾರಕ್ಕೆ, ಬೆಂಬಲ ಬೆಲೆಯಲ್ಲಿ ರಾಗಿ ಮಾರಲು ನೋಡ್ತಾರೆ.

ಅಂದರೆ ಸಮೀಕ್ಷೆಯ ದಿನಗಳಲ್ಲಿ ನಿಮ್ಮ ಫೋನಿನ ಲೊಕೇಶನ್ ಕೈಕೊಟ್ಟು, ನೀವು "ಆಮೇಲೆ ನೋಡಣ ಬುಡು" ಅಂದು ಸುಮ್ಮನಾದರೆ, ಹೊಲದಲ್ಲಿ ರಾಗಿ ತೆನೆ ತೂಗ್ತಿದ್ದರೂ ದಾಖಲೆಯಲ್ಲಿ ಏನೂ ಇಲ್ಲದಿರಬಹುದು. ಎರಡು ನಿಮಿಷದ ಸೆಟ್ಟಿಂಗ್, ಒಂದು ಬೆಳೆಯ ಲೆಕ್ಕವನ್ನೇ ಏರುಪೇರು ಮಾಡುತ್ತೆ.

ನಾನು ನೋಡಿದ ನಾಲ್ಕು ಥರದ ಮನಸ್ಸು

ಮೊದಲನೆಯದು ಭಯ. "ಏನಾರ ಒತ್ತಿದ್ರೆ ಎಲ್ಲಾ ಹೊಂಟೋಯ್ತದೆ" ಅನ್ನೋದು. ಸೆಟ್ಟಿಂಗ್ಸ್ ತೆರೆದು ನೋಡಿದ ಮಾತ್ರಕ್ಕೆ ಫೋನ್ ಹಾಳಾಗಲ್ಲ. ಹಾಳು ಮಾಡುವ ಗುಂಡಿಗಳು ಕೆಲವೇ ಇವೆ, ಅವು ಯಾವುದು ಅಂತ ಮುಂದೆ ಹೇಳ್ತೀನಿ.

ಎರಡನೆಯದು ನಾಚಿಕೆ. ಡಿಗ್ರಿ ಮಾಡಿದ ಹುಡುಗರಲ್ಲೇ ಇದು ಜಾಸ್ತಿ. ಗೊತ್ತಿಲ್ಲ ಅಂದ್ರೆ ನಗ್ತಾರೆ ಅಂತ ಕೇಳೋದೇ ಇಲ್ಲ.

ಮೂರನೆಯದು "ಸರ್ವರ್ ಇಲ್ಲ" ಅನ್ನೋ ಮಂತ್ರ. ಕೆಲವು ಸಲ ಅದು ನಿಜ. ಆದರೆ ಪರೀಕ್ಷೆ ಮಾಡದೆ ಹಾಗಂದ್ರೆ, ಎಲೆ ಹಳದಿಯಾದ ಕೂಡಲೇ "ವೈರಸ್" ಅಂದ ಹಾಗೆ.

ನಾಲ್ಕನೆಯದು ಆತುರ. ಫೋನ್ ಆಫ್ ಮಾಡು, ಆ್ಯಪ್ ತೆಗಿ, ಸಿಮ್ ಬದಲಿಸು, ಇನ್ಯಾವುದೋ ಆ್ಯಪ್ ಹಾಕು, ಎಲ್ಲ ಒಂದೇ ಉಸಿರಿಗೆ. ನಾಲ್ಕು ಔಷಧಿ ಒಂದೇ ಟ್ಯಾಂಕಿಗೆ ಬೆರೆಸಿ ಹೊಡೆದಂಗೆ. ಗಿಡ ಸುಧಾರಿಸಿದರೂ ಯಾವುದರಿಂದ ಅಂತ ಗೊತ್ತಾಗಲ್ಲ, ಸುಟ್ಟುಹೋದರೂ ಯಾವುದರಿಂದ ಅಂತ ಗೊತ್ತಾಗಲ್ಲ.

ಹೊಲದ ಲೆಕ್ಕಾಚಾರ, ಫೋನಿಗೂ ಅದೇ

1. ನನ್ನೊಬ್ಬನದ್ದೋ, ಎಲ್ಲರದ್ದೋ?

ಹೊಲ ಪೂರ್ತಿ ಒಂದೇ ಸಮ ಬಿಳಿಚಿಕೊಂಡಿದ್ದರೆ ಮೊದಲು ನೀರು, ಗೊಬ್ಬರ, ಹೊಡೆದ ಔಷಧಿ ಇವುಗಳ ಮೇಲೆ ಅನುಮಾನ ಪಡ್ತೀವಿ. ಅಲ್ಲೊಂದು ಇಲ್ಲೊಂದು ಗಿಡಕ್ಕೆ ಬಂದಿದ್ದರೆ ರೋಗವೋ ಹುಳವೋ ಅಂತ ಬೇರು ಕಿತ್ತು ನೋಡ್ತೀವಿ. ಫೋನಿಗೂ ಇದೇ ಮೊದಲ ಪ್ರಶ್ನೆ. ಪಕ್ಕದವರ ಫೋನಿನಲ್ಲಿ ಅದೇ ಆ್ಯಪ್ ತೆರೆಯುತ್ತಾ ನೋಡಿ. ಅವರಿಗೂ ಇಲ್ಲ ಅಂದ್ರೆ ತೊಂದರೆ ನಿಮ್ಮದಲ್ಲ. ಫೋನ್ ಪಕ್ಕಕ್ಕಿಟ್ಟು ಕಳೆ ಕೀಳಲು ಹೋಗಿ, ಸಂಜೆ ನೋಡಿದರಾಯ್ತು.

ಇದಕ್ಕೆ ದೊಡ್ಡ ಉದಾಹರಣೆಗಳೇ ಇವೆ. 2021ರ ಮಾರ್ಚ್‌ನಲ್ಲಿ ಆಂಡ್ರಾಯ್ಡ್ ಫೋನಿನೊಳಗಿನ ವೆಬ್‌ವ್ಯೂ ಅನ್ನೋ ಭಾಗದ ಒಂದು ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಎಷ್ಟೋ ಫೋನುಗಳಲ್ಲಿ ಆ್ಯಪ್‌ಗಳು ತೆರೆದ ಕೂಡಲೇ ಮುಚ್ಚಿಕೊಳ್ತಿದ್ದವು. ಸರಿಪಡಿಸಿದ ಹೊಸ ಅಪ್‌ಡೇಟ್ ಬರುವ ತನಕ ಬಳಕೆದಾರರ ಕಡೆಯಿಂದ ತಪ್ಪೇನೂ ಇರಲಿಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ತಪ್ಪು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೇ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರು. ಆ ದಿನ ಮೈಕ್ರೋಸಾಫ್ಟ್ ತನ್ನ ಅಜೂರ್ ಕ್ಲೌಡ್ ಗ್ರಾಹಕರಿಗೆ ಹೇಳಿದ ಉಪಾಯಗಳಲ್ಲಿ ಒಂದು ಏನು ಗೊತ್ತಾ? ರೀಸ್ಟಾರ್ಟ್ ಮಾಡಿ ನೋಡಿ, ಕೆಲವರಿಗೆ 15 ಸಲ ಬೇಕಾಯ್ತಂತೆ ಅಂತ! ಆದ್ದರಿಂದ "ಆಫ್ ಮಾಡಿ ಆನ್ ಮಾಡು" ಅನ್ನೋದನ್ನ ದಡ್ಡರ ಉಪಾಯ ಅಂತ ಅಂದ್ಕೋಬೇಡಿ. ರಿಲೇ ತಣ್ಣಗಾಗಲು ಬಿಡ್ತೀವಲ್ಲ, ಹಂಗೇ.

2. ಪರದೆ ಮೇಲೆ ಏನು ಬರೆದಿದೆ, ಓದಿ

ಎಲೆ ಹಳದಿ ಅಂದ್ರೆ ಸಾಲದು. ಹಳೇ ಎಲೆಯಾ, ಚಿಗುರಾ? ಹಳೇ ಎಲೆ ಮೊದಲು ಹಳದಿಯಾದರೆ ಸಾರಜನಕವೋ ಮೆಗ್ನೀಸಿಯಮ್ಮೋ ಕಮ್ಮಿ ಇರಬಹುದು. ಚಿಗುರು ಹಳದಿಯಾಗಿ ನರ ಮಾತ್ರ ಹಸಿರಿದ್ದರೆ ಕಬ್ಬಿಣದ ಕೊರತೆ ಅಂತ ಅನುಮಾನ. ಲಕ್ಷಣವೇ ಅರ್ಧ ಉತ್ತರ.

ಫೋನ್ ತೋರಿಸುವ ಸಂದೇಶವೂ ಲಕ್ಷಣವೇ. ನಾವು ಅದನ್ನ ಓದದೆ ಓಕೆ ಒತ್ತಿಬಿಡ್ತೀವಿ. ಇಂಗ್ಲಿಷ್ ಬರದಿದ್ದರೆ ಸ್ಕ್ರೀನ್‌ಶಾಟ್ ತೆಗೆಯಿರಿ. ಗೂಗಲ್ ಲೆನ್ಸ್ ಅದನ್ನ ಕನ್ನಡಕ್ಕೆ ತಿರುಗಿಸಿ ತೋರಿಸುತ್ತೆ. "ಸ್ಟೋರೇಜ್ ಫುಲ್" ಬೇರೆ, "ನೋ ಇಂಟರ್‌ನೆಟ್" ಬೇರೆ, "ಇನ್‌ವ್ಯಾಲಿಡ್ ಒಟಿಪಿ" ಬೇರೆ. ಮೂರಕ್ಕೂ ಮದ್ದು ಬೇರೆ ಬೇರೆ.

ಕಂಪ್ಯೂಟರಿನ ದೋಷಕ್ಕೆ ಇಂಗ್ಲಿಷಿನಲ್ಲಿ ಬಗ್ ಅಂತಾರೆ, ಅಂದ್ರೆ ಹುಳ. ಯಂತ್ರದ ದೋಷಕ್ಕೆ ಆ ಪದ ಮೊದಲಿಂದ ಇತ್ತು. ಆದರೆ 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್ 2 ಕಂಪ್ಯೂಟರ್‌ನ ರಿಲೇ ಒಳಗೆ ನಿಜವಾದ ಪತಂಗವೇ ಸಿಕ್ಕಿತು. ನಮ್ಮ ಸ್ಟಾರ್ಟರ್ ಒಳಗೆ ಹಲ್ಲಿ, ಇರುವೆ ಸಿಗಲ್ವಾ, ಹಂಗೆ! ಅವರು ಆ ಪತಂಗವನ್ನ ಎಸೆಯದೆ, ದಿನಚರಿ ಪುಸ್ತಕಕ್ಕೆ ಅಂಟಿಸಿ, ಎಷ್ಟು ಗಂಟೆಗೆ ಎಲ್ಲಿ ಸಿಕ್ಕಿತು ಅಂತ ಬರೆದಿಟ್ಟರು. ನಾವೂ ಅಷ್ಟು ಮಾಡಿದರೆ ಸಾಕು. ಏನಾಯ್ತು, ಯಾವಾಗ ಆಯ್ತು, ಆಗ ಏನು ಮಾಡ್ತಿದ್ದೆ, ಇಷ್ಟು ಬರೆದಿಡಿ.

3. ಒಂದು ಸಲಕ್ಕೆ ಒಂದೇ ಬದಲಾವಣೆ

ಮೊದಲು ನೆಟ್ ನೋಡಿ. ಆಮೇಲೆ ರೀಸ್ಟಾರ್ಟ್. ಆಮೇಲೆ ಜಾಗ ಖಾಲಿ ಮಾಡಿ. ಆಮೇಲೆ ಪ್ಲೇ ಸ್ಟೋರ್‌ನಲ್ಲಿ ಅಪ್‌ಡೇಟ್ ಇದೆಯಾ ನೋಡಿ. ಪ್ರತಿ ಹೆಜ್ಜೆ ಆದ ಮೇಲೂ ಆ್ಯಪ್ ತೆರೆದು ಪರೀಕ್ಷೆ ಮಾಡಿ. ಹೀಗೆ ಮಾಡಿದರೆ ಮುಂದಿನ ಸಲ ಅದೇ ತೊಂದರೆ ಬಂದಾಗ ನೇರ ಅದೇ ಮದ್ದಿಗೆ ಹೋಗಬಹುದು.

4. ಅರ್ಧ ಅರ್ಧ ಮಾಡಿ ಹುಡುಕಿ

ಡ್ರಿಪ್ ಕಟ್ಟಿಕೊಂಡರೆ ಎಲ್ಲ ಡ್ರಿಪ್ಪರ್ ಬಿಚ್ಚಲ್ಲ. ಫಿಲ್ಟರ್ ದಾಟಿದ ಮೇಲೆ ಪ್ರೆಶರ್ ಇದೆಯಾ? ಇದ್ದರೆ ಸಬ್‌ಮೇನ್ ತುದಿಯಲ್ಲಿ? ಅಲ್ಲೂ ಇದ್ದರೆ ತೊಂದರೆ ಲ್ಯಾಟರಲ್‌ನಲ್ಲಿ. ಫೋನಿಗೂ ಹಾಗೇ. ಡೇಟಾ ಬಿಟ್ಟು ಬೇರೆಯವರ ಹಾಟ್‌ಸ್ಪಾಟ್‌ಗೆ ಸೇರಿಸಿ. ಆಗ ಆ್ಯಪ್ ಓಡಿದರೆ ತೊಂದರೆ ನಿಮ್ಮ ಸಿಮ್ ಅಥವಾ ನೆಟ್‌ವರ್ಕ್ ಕಡೆ. ಓಡದಿದ್ದರೆ ಫೋನ್ ಅಥವಾ ಆ್ಯಪ್ ಕಡೆ. ಒಂದೇ ಪರೀಕ್ಷೆಯಲ್ಲಿ ಅರ್ಧ ಹೊಲ ಮುಗಿದಂಗಾಯ್ತು.

ಪದೇ ಪದೇ ಬರುವ ತೊಂದರೆಗಳು

* ಸಮೀಕ್ಷೆ ಫೋಟೋಗೆ ಲೊಕೇಶನ್ ಸಿಗ್ತಿಲ್ಲ: ಲೊಕೇಶನ್ ಆನ್ ಇದೆಯಾ, ಆ್ಯಪ್‌ಗೆ ಅದರ ಅನುಮತಿ ಕೊಟ್ಟಿದ್ದೀರಾ, "ನಿಖರ ಸ್ಥಳ" ಆಯ್ಕೆ ಆನ್ ಇದೆಯಾ ನೋಡಿ. ಜಿಪಿಎಸ್ ಕೆಲಸ ಮಾಡೋದು ಆಕಾಶದ ಉಪಗ್ರಹಗಳಿಂದ. ನಮ್ಮೂರ ಪಂಚಲಿಂಗೇಶ್ವರ ದೇವಸ್ಥಾನದ ಹೊಯ್ಸಳರ ಕಾಲದ ಕಲ್ಲು ಮಂಟಪದೊಳಗೆ ನಿಂತು ಲೊಕೇಶನ್ ಹುಡುಕಿದರೆ ಫೋನ್ ತಡಕಾಡುತ್ತೆ, ಬಯಲಿಗೆ ಬಂದರೆ ಸಿಗುತ್ತೆ. ದಟ್ಟ ತೋಟದ ಕೆಳಗೂ ಅದೇ ಕಥೆ. ನಿಮ್ಮ ಸರ್ವೆ ನಂಬರ್ ಗಡಿಯೊಳಗೇ ಆಕಾಶ ಕಾಣುವ ಜಾಗದಲ್ಲಿ ಒಂದೆರಡು ನಿಮಿಷ ನಿಲ್ಲಿ.

* "ಸಂಪರ್ಕ ಸುರಕ್ಷಿತವಲ್ಲ" ಅಂತ ಬರ್ತಿದೆ: ಎಲ್ಲ ಜಾಲತಾಣಕ್ಕೂ ಹೀಗೇ ಬಂದರೆ ಫೋನಿನ ದಿನಾಂಕ, ಸಮಯ ನೋಡಿ. ಬ್ಯಾಟರಿ ಪೂರ್ತಿ ಸತ್ತು ಎದ್ದ ಫೋನಿನಲ್ಲಿ ದಿನಾಂಕ ಹಿಂದಕ್ಕೆ ಹೋಗಿರಬಹುದು. ದಿನಾಂಕ ತಪ್ಪಿದ್ದರೆ ಜಾಲತಾಣದ ಪ್ರಮಾಣಪತ್ರದ ಅವಧಿ ತಾಳೆ ಆಗಲ್ಲ. "ಸ್ವಯಂಚಾಲಿತ ಸಮಯ" ಆನ್ ಮಾಡಿ.

* ಕನ್ನಡ ಫೈಲ್ ತೆರೆದರೆ ಇಂಗ್ಲಿಷ್ ಅಕ್ಷರಗಳ ಗೋಜಲು: ಫೈಲ್ ಕೆಟ್ಟಿಲ್ಲ. ಹಳೇ ನುಡಿ, ಬರಹ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ಆಕಾರ ಕೂರಿಸಿದ್ದರು. ಆ ಫಾಂಟ್ ಇಲ್ಲದ ಫೋನಿಗೆ ಒಳಗಿನ ಇಂಗ್ಲಿಷ್ ಅಕ್ಷರವೇ ಕಾಣುತ್ತೆ. ಕಳಿಸಿದವರಿಗೆ "ಪಿಡಿಎಫ್ ಮಾಡಿ ಕಳಿಸಿ" ಅನ್ನಿ, ಇಲ್ಲವೇ ಯೂನಿಕೋಡ್‌ಗೆ ಪರಿವರ್ತಿಸುವ ಸಾಧನ ಬಳಸಿ.

* ಪ್ರಿಂಟ್ ಒತ್ತಿದರೆ ಏನೂ ಆಗ್ತಿಲ್ಲ: ಎಷ್ಟೋ ಜಾಲತಾಣಗಳಲ್ಲಿ ದಾಖಲೆ ಹೊಸ ಕಿಟಕಿಯಲ್ಲಿ ತೆರೆಯುತ್ತೆ, ಬ್ರೌಸರ್ ಅದನ್ನ ಜಾಹೀರಾತು ಅಂದ್ಕೊಂಡು ತಡೆಯುತ್ತೆ. ವಿಳಾಸದ ಸಾಲಿನ ಹತ್ತಿರ "ಪಾಪ್ ಅಪ್ ತಡೆಯಲಾಗಿದೆ" ಅಂತ ಇದ್ದರೆ ಆ ತಾಣಕ್ಕೆ ಮಾತ್ರ ಅನುಮತಿ ಕೊಡಿ.

ಒಬ್ಬ ಅಜ್ಜಿಯ ಕಂತು

ನಮ್ಮ ಬೀದಿಯ ಒಬ್ಬ ಅಜ್ಜಿಗೆ ಪಿಎಂ ಕಿಸಾನ್ ಕಂತು ನಿಂತಿತ್ತು. ಎಲ್ಲಿ ಕೇಳಿದರೂ "ಸರ್ವರ್ ಇಲ್ಲ, ಇನ್ನೊಂದ್ ದಿನ ಬಾ" ಅಂತ ಉತ್ತರ. ಪ್ರತಿ ಸಲ ಬಸ್ ಚಾರ್ಜ್, ಒಂದು ದಿನದ ಕೂಲಿ ಹೋಗ್ತಿತ್ತು. "ಬುಡು ಮಗ, ನನ್ ಹಣೇಲಿ ಬರ್ದಿಲ್ಲ" ಅಂತ ಕೈಬಿಟ್ಟಿದ್ದರು.

ಪಿಎಂ ಕಿಸಾನ್ ಜಾಲತಾಣದಲ್ಲಿ "ನೋ ಯುವರ್ ಸ್ಟೇಟಸ್" ಅನ್ನೋ ಕಡೆ ಮೂರು ವಿಷಯ ತೋರಿಸುತ್ತೆ. ಜಮೀನಿನ ದಾಖಲೆ ಜೋಡಣೆ, ಇ-ಕೆವೈಸಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ. ಪ್ರತಿಯೊಂದಕ್ಕೂ ಹೌದು ಅಥವಾ ಇಲ್ಲ. ಮೂರು ಫೇಸ್ ದೀಪ ನೋಡಿದಂಗೇ! ಅಜ್ಜಿಯದ್ದು ನೋಡಿದಾಗ ಮೊದಲನೆಯದು ಹೌದು, ಮೂರನೆಯದು ಹೌದು, ನಡುವಿನ ಇ-ಕೆವೈಸಿ ಮಾತ್ರ ಇಲ್ಲ.

ಇ-ಕೆವೈಸಿಗೆ ಒಟಿಪಿ ಬೇಕು. ಒಟಿಪಿ ಯಾಕೆ ಬರ್ತಿಲ್ಲ? ಆಧಾರ್‌ಗೆ ಕೊಟ್ಟಿದ್ದ ನಂಬರಿನ ಸಿಮ್ ಯಾವತ್ತೋ ನಿಂತುಹೋಗಿತ್ತು. ಸರಿ, ಬೆರಳಚ್ಚು ಕೊಡೋಣ ಅಂದ್ರೆ ಕಳೆ ಕಿತ್ತು, ಪೈರು ನಾಟಿ ಸವೆದ ಬೆರಳಿನ ಗೆರೆ ಯಂತ್ರಕ್ಕೆ ಸಿಗಲಿಲ್ಲ. ಮೂರನೇ ದಾರಿ ಉಳಿದಿತ್ತು. 2023ರ ಜೂನ್‌ನಿಂದ ಪಿಎಂ ಕಿಸಾನ್ ಆ್ಯಪ್‌ನಲ್ಲಿ ಮುಖ ತೋರಿಸಿ ಇ-ಕೆವೈಸಿ ಮಾಡಬಹುದು. ಅಜ್ಜಿಯನ್ನ ಜಗಲಿ ಮೇಲೆ ಬೆಳಕಿಗೆ ಕೂರಿಸಿ ಮುಖ ತೋರಿಸಿದೆವು, ಆಯ್ತು. ಮುಂದಿನ ಕಂತು ಖಾತೆಗೆ ಬಂತು.

ಇಲ್ಲಿ ಯಾರೂ ದೊಡ್ಡ ವಿದ್ಯೆ ಮಾಡಲಿಲ್ಲ. "ದುಡ್ಡು ಬಂದಿಲ್ಲ" ಅನ್ನೋ ದೊಡ್ಡ ತೊಂದರೆಯನ್ನ ಮೂರು ತುಂಡು ಮಾಡಿ, ಕೆಟ್ಟ ತುಂಡು ಯಾವುದು ಅಂತ ನೋಡಿದ್ದಷ್ಟೇ. ನಿಮ್ಮನೆ ಹಿರಿಯರ ಕಂತು ನಿಂತಿದ್ದರೆ ಇವತ್ತೇ ಈ ಮೂರು ನೋಡಿ. ಸಂದೇಹ ಇದ್ದರೆ ಪಿಎಂ ಕಿಸಾನ್ ಸಹಾಯವಾಣಿ 155261.

ಕೈ ಹಾಕಬಾರದ ಜಾಗಗಳು

ಧೈರ್ಯ ಬೇಕು ಅಂದೆ, ಹುಂಬತನ ಬೇಡ. ಕರೆಂಟ್ ಆಫ್ ಮಾಡದೆ ಸ್ಟಾರ್ಟರ್ ಒಳಗೆ ಯಾರೂ ಕೈ ಹಾಕಲ್ಲ ಅಲ್ವಾ?

ಕ್ಯಾಶೆ ತೆಗೆಯುವುದಕ್ಕೂ ಡೇಟಾ ತೆಗೆಯುವುದಕ್ಕೂ ವ್ಯತ್ಯಾಸ ತಿಳ್ಕೊಳ್ಳಿ. "ಕ್ಲಿಯರ್ ಕ್ಯಾಶೆ" ಅಂದ್ರೆ ಕೊಟ್ಟಿಗೆ ಗುಡಿಸಿದಂಗೆ, ಏನೂ ನಷ್ಟ ಇಲ್ಲ. "ಕ್ಲಿಯರ್ ಡೇಟಾ" ಅಂದ್ರೆ ಕೊಟ್ಟಿಗೆಯಲ್ಲಿದ್ದ ಹಸುವನ್ನೂ ಹೊರಗೆ ಅಟ್ಟಿದಂಗೆ. ಹೊಲದಲ್ಲಿ ನೆಟ್ ಇಲ್ಲ ಅಂತ ಫೋಟೋ ತೆಗೆದು, ಅಪ್‌ಲೋಡ್ ಆಮೇಲೆ ಮಾಡೋಣ ಅಂತ ಆ್ಯಪ್‌ನಲ್ಲೇ ಉಳಿಸಿದ್ದೀರಿ ಅನ್ನಿ. ಅಷ್ಟರಲ್ಲಿ ಯಾರೋ "ಆ್ಯಪ್ ತೆಗೆದು ಮತ್ತೆ ಹಾಕು ಸರಿಹೋಗುತ್ತೆ" ಅಂದ ಮಾತು ಕೇಳಿ ಅನ್‌ಇನ್‌ಸ್ಟಾಲ್ ಮಾಡಿದರೆ, ಕಳಿಸದೇ ಇದ್ದ ಸಮೀಕ್ಷೆ ಅಳಿಸಿಹೋಗಬಹುದು. ಮೊದಲು ಅಪ್‌ಲೋಡ್, ಆಮೇಲೆ ಉಳಿದ ರಿಪೇರಿ. ಅಪ್‌ಲೋಡ್ ಆದದ್ದು ಸರಿಯಾಗಿ ದಾಖಲಾಗಿದೆಯಾ ಅಂತ ಬೆಳೆ ದರ್ಶಕ್ ಆ್ಯಪ್‌ನಲ್ಲಿ ನೋಡಬಹುದು, ತಪ್ಪಿದ್ದರೆ ಆಕ್ಷೇಪಣೆಯನ್ನೂ ಅಲ್ಲೇ ಹಾಕಬಹುದು.

ವಾಟ್ಸಾಪ್‌ನಲ್ಲಿ "ಪಿಎಂ ಕಿಸಾನ್" ಹೆಸರಿನಲ್ಲಿ ಬರುವ ಎಪಿಕೆ ಫೈಲ್ ಒತ್ತಬೇಡಿ, ಗೊತ್ತಿರುವವರ ನಂಬರಿನಿಂದ ಬಂದರೂ ಸರಿ. ಅವರ ಫೋನೇ ಕಳ್ಳರ ಕೈಗೆ ಸಿಕ್ಕಿರಬಹುದು. ಆ್ಯಪ್ ಬೇಕಾದರೆ ಪ್ಲೇ ಸ್ಟೋರ್ ಒಂದೇ ದಾರಿ. ಗೂಗಲ್‌ನಲ್ಲಿ ಹುಡುಕಿ ಸಿಕ್ಕ ಯಾವುದೋ ಕಸ್ಟಮರ್ ಕೇರ್ ನಂಬರಿಗೆ ಫೋನ್ ಮಾಡಿ, ಅವರು ಹೇಳಿದ ಪರದೆ ಹಂಚುವ ಆ್ಯಪ್ ಹಾಕ್ಕೊಳ್ಳೋದು, ಒಟಿಪಿ ಓದಿ ಹೇಳೋದು ಬೇಡವೇ ಬೇಡ. ದುಡ್ಡು ಹೋಗಿದ್ದು ಗೊತ್ತಾದ ಕ್ಷಣವೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ತಡ ಮಾಡಿದಷ್ಟೂ ದುಡ್ಡು ತಡೆಯೋದು ಕಷ್ಟ.

ತೊಂದರೆಗೆ ಹೆದರುವವರೇ ಈ ಬಲೆಗೆ ಬೇಗ ಬೀಳ್ತಾರೆ ಅನ್ನೋದನ್ನ ಗಮನಿಸಿ. "ನಂಗೆ ಗೊತ್ತಾಗಲ್ಲ, ನೀವೇ ಮಾಡಿಕೊಡಿ" ಅನ್ನುವ ಮಾತನ್ನೇ ಕಳ್ಳ ಕಾಯ್ತಿರ್ತಾನೆ.

ಫೋನ್ ಗೊತ್ತಿರುವ ಹುಡುಗ ಹುಡುಗಿಯರಿಗೆ ಒಂದು ಮಾತು

ಅಪ್ಪ ಫೋನ್ ಹಿಡಿದು ಬಂದಾಗ ನಾವೇನು ಮಾಡ್ತೀವಿ? ಕಿತ್ಕೊಂಡು, ಟಕಟಕ ಒತ್ತಿ, "ತಗೊ" ಅಂತ ವಾಪಸ್ ಕೊಡ್ತೀವಿ. ಕೆಲಸ ಆಯ್ತು, ಕಲಿಕೆ ಆಗಲಿಲ್ಲ. ನಾಳೆ ಮತ್ತೆ ಅದೇ ತೊಂದರೆ, ಮತ್ತೆ ನಿಮ್ಮ ಹತ್ತಿರ. ಅಪ್ಪ ನಿಮಗೆ ನೇಗಿಲು ಕಲಿಸಿದ್ದು ಹೀಗಾ? ಮೇಣಿ ನಿಮ್ಮ ಕೈಗೆ ಕೊಟ್ಟು ಪಕ್ಕದಲ್ಲಿ ನಡೆದಿದ್ದರು. ಫೋನ್ ಅವರ ಕೈಯಲ್ಲೇ ಇರಲಿ. "ಅಪ್ಪ, ಅಲ್ಲಿ ಏನ್ ಬರ್ದಿದೆ ಓದಿ. ಈಗ ಅದನ್ನ ಒತ್ತಿ" ಅನ್ನಿ. ಐದು ನಿಮಿಷ ಜಾಸ್ತಿ ಹಿಡಿಯುತ್ತೆ, ಹಿಡಿಯಲಿ. ಅವ್ವನಿಗೂ ಅಷ್ಟೆ. ಜಮೀನು ಅವ್ವನ ಹೆಸರಲ್ಲಿದ್ದು ಫೋನ್ ಮಾತ್ರ ಮಗನ ಹೆಸರಲ್ಲಿರುವ ಮನೆಗಳು ಎಷ್ಟಿಲ್ಲ?

ಇನ್ನು ಎಲ್ಲದಕ್ಕೂ ಪರಿಹಾರ ಮನೆಯಲ್ಲೇ ಸಿಗಲ್ಲ. ಪಹಣಿಯಲ್ಲಿ ಹೆಸರು ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ ಇದ್ದರೆ ಯಾವ ರೀಸ್ಟಾರ್ಟೂ ಸರಿ ಮಾಡಲ್ಲ. ಅದಕ್ಕೆ ನಾಡಕಚೇರಿಗೋ, ರೈತ ಸಂಪರ್ಕ ಕೇಂದ್ರಕ್ಕೋ ಹೋಗಲೇಬೇಕು. ಆದರೆ ಹೋಗುವಾಗ "ಆಗ್ತಿಲ್ಲ ಸಾರ್" ಅಂತ ಬರಿಗೈಲಿ ಹೋಗಬೇಡಿ. ಸ್ಕ್ರೀನ್‌ಶಾಟ್, ದಿನಾಂಕ, ಏನೇನು ಮಾಡಿ ನೋಡಿದ್ದೀರಿ, ಪಕ್ಕದವರ ಫೋನಿನಲ್ಲಿ ಆಯ್ತಾ ಇಲ್ವಾ, ಇಷ್ಟು ಚೀಟಿಯಲ್ಲಿ ಬರ್ಕೊಂಡು ಹೋಗಿ. ಕಿಟಕಿಯಾಚೆ ಕೂತವರಿಗೂ "ಸರ್ವರ್ ಇಲ್ಲ" ಅಂತ ಕಳಿಸೋದು ಅಷ್ಟು ಸುಲಭ ಆಗಲ್ಲ. ಬೇಸಾಯದ ಪ್ರಶ್ನೆಗಳಿಗೆ ಕಿಸಾನ್ ಕಾಲ್ ಸೆಂಟರ್ 1800-180-1551 ಇದೆ, ಕನ್ನಡದಲ್ಲೇ ಕೇಳಬಹುದು.

ಈ ವಾರದ ಕೆಲಸ: ಮುಂದಿನ ಸಮೀಕ್ಷೆ ಶುರುವಾಗುವ ಮೊದಲೇ ಫೋನಿನಲ್ಲಿ ಒಂದೆರಡು ಜಿಬಿ ಜಾಗ ಖಾಲಿ ಮಾಡಿ, ಆ್ಯಪ್ ಅಪ್‌ಡೇಟ್ ಮಾಡಿ, ಹೊಲದಲ್ಲಿ ನಿಂತು ಲೊಕೇಶನ್ ಸಿಗುತ್ತಾ ನೋಡಿ, ಆಧಾರ್‌ಗೆ ಯಾವ ನಂಬರ್ ಕೊಟ್ಟಿದ್ದೀರಿ ಅಂತ ಖಾತ್ರಿ ಮಾಡ್ಕೊಳ್ಳಿ. ಬಿತ್ತನೆಗೆ ಮುಂಚೆ ಕೂರಿಗೆ ಸರಿಮಾಡಿ ಇಟ್ಕೊಳ್ಳಲ್ವಾ, ಇದೂ ಅದೇ ಕೆಲಸ. ಮಳೆ ಬಿದ್ದ ಮೇಲೆ ಕೂರಿಗೆ ಹುಡುಕುವವನಿಗೆ ಹದ ಕಾಯಲ್ಲ.